ಎಸ್‌.ಪಿ. ರೋಡ್‌ನಲ್ಲಿ ಕಟ್ಟಿಸಿದ ಕಂಪ್ಯೂಟರ್: ಎರಡು ವರ್ಷ ಬಳಸಿದ ಮೇಲೆ ನನ್ನ ರಿವ್ಯೂ

ಕಂಪ್ಯೂಟರ್ ತಂದ ವಾರದಲ್ಲೇ ರಿವ್ಯೂ ಬರೆಯುವವರನ್ನು ಕಂಡರೆ ನನಗೆ ಈಗ ನಗು ಬರುತ್ತದೆ. ಆಗ ಎಲ್ಲವೂ ಚೆಂದ. ಫ್ಯಾನ್ ಸದ್ದೂ ಇಂಪು. ನಾನೂ ಹಾಗೇ ಐದು ಸ್ಟಾರ್ ಕೊಟ್ಟು ಕೂತಿದ್ದೆ, ಅದನ್ನು ಅಳಿಸಿ ಈಗ ಇದನ್ನು ಬರೆಯುತ್ತಿದ್ದೇನೆ. ಈ ಎರಡು ವರ್ಷದಲ್ಲಿ ಒಂದು ಹಾರ್ಡ್ ಡಿಸ್ಕ್ ಸತ್ತಿತು, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಬೇಕಾಯಿತು, ಒಂದು ರಾತ್ರಿಯಂತೂ ಪೂರ್ತಿ ನಿದ್ದೆ ಇಲ್ಲ. ಇಷ್ಟಾದ ಮೇಲೂ ಐದಕ್ಕೆ ಮೂರೂವರೆ ಕೊಡುತ್ತೇನೆ. ಯಾಕೆ ಅಂತ ಹೇಳೋದಕ್ಕೇ ಇಷ್ಟುದ್ದ.

ನಾನು ತುಮಕೂರಿನಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಸುತ್ತಮುತ್ತಲ ಸ್ಟುಡಿಯೋದವರು ಫೋಟೋ ತಂದು ಕೊಡುತ್ತಾರೆ, ನಾನು ಶೀಟ್ ಮಾಡಿ ಕೊಡುತ್ತೇನೆ, ಪ್ರಿಂಟು ಬೈಂಡಿಂಗು ಲ್ಯಾಬ್‌ನವರದ್ದು. 12 ಇಂಚು ಎತ್ತರ 36 ಇಂಚು ಅಗಲದ ಒಂದು ಶೀಟನ್ನು ಲೇಯರ್ ಸಮೇತ ಉಳಿಸಿದರೆ ಅರ್ಧ ಜಿಬಿ ದಾಟುವುದು ಮಾಮೂಲಿ. ಒಂದು ಮದುವೆಗೆ ಮೂವತ್ತು ಶೀಟ್ ಅಂದುಕೊಳ್ಳಿ. ಆಷಾಢ, ಧನುರ್ಮಾಸದಂಥವು ಬಿಟ್ಟರೆ ಬಾಕಿ ತಿಂಗಳೆಲ್ಲಾ ಯಾರದ್ದಾದರೂ ಮದುವೆ ಇದ್ದೇ ಇರುತ್ತದೆ, ಅಲ್ವಾ? ಹಳೇ ಕಂಪ್ಯೂಟರ್‌ನ 1 ಟಿಬಿ ಡಿಸ್ಕ್ ತುಂಬಿ, ಒಂದು ಮದುವೆ ಅಳಿಸಿದರೆ ಮಾತ್ರ ಇನ್ನೊಂದು ಮದುವೆಗೆ ಜಾಗ ಅನ್ನುವ ಸ್ಥಿತಿ ಬಂದಿತ್ತು.

ಹಾಗಾಗಿ ಒಂದು ದಿನ ಬೆಳಿಗ್ಗೆ ಬಸ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ನಡೆದು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌.ಪಿ. ರೋಡ್ ಸೇರಿದೆ. ಜೊತೆಗೆ ನನ್ನ ತಮ್ಮ. ನಾಲ್ಕು ಅಂಗಡಿ ಸುತ್ತಿದೆವು. ಕೊನೆಗೆ ತೆಗೆದುಕೊಂಡದ್ದು ಮೊದಲನೇ ಮಹಡಿಯ ಒಂದು ಸಣ್ಣ ಅಂಗಡಿಯಲ್ಲಿ, ಹೆಸರು ಬರೆಯುವುದಿಲ್ಲ. ಕಬ್ಬಿಣದ ಮೆಟ್ಟಿಲು, ಗಾಜಿನ ಕೌಂಟರ್, ಕೌಂಟರ್ ಹಿಂದೆ ಒಬ್ಬರು ಮಾತಾಡದ ಮನುಷ್ಯ ಸ್ಕ್ರೂ ಡ್ರೈವರ್ ಹಿಡಿದು ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಕಟ್ಟುತ್ತಲೇ ಇರುತ್ತಾರೆ. ಮಾತೆಲ್ಲಾ ಕೌಂಟರ್‌ನಲ್ಲಿ ಕೂತ ಹುಡುಗನದ್ದು. ಮೊದಲು ಅವನು ಎಚ್ 610 ಅನ್ನುವ ಮದರ್‌ಬೋರ್ಡ್, ಅಂದರೆ ಎಲ್ಲಾ ಪಾರ್ಟ್ ಜೋಡಿಸುವ ಮುಖ್ಯ ಹಲಗೆ, ಹಾಕಿ ಒಂದು ಕೊಟೇಶನ್ ಬರೆದ. ನಾನು ಫೋಟೋ ಕೆಲಸ ಅಂದ ಕೂಡಲೇ ಅದನ್ನು ಹೊಡೆದು ಹಾಕಿ, "ಡೇಟಾ ಇಂಪಾರ್ಟೆಂಟಾ ಮೇಡಂ?" ಅಂತ ಕೇಳಿದ. ಜನರ ಮದುವೆ ಫೋಟೋ ಇಂಪಾರ್ಟೆಂಟಲ್ಲದೆ ಇನ್ನೇನು! ಆಗ ಬಿ 660 ಬೋರ್ಡ್, ಇಂಟೆಲ್‌ನ 12ನೇ ಜನರೇಶನ್ ಐ 5 ಪ್ರೊಸೆಸರ್, 32 ಜಿಬಿ ರ‍್ಯಾಮ್, ವಿಂಡೋಸ್‌ಗೆ 500 ಜಿಬಿಯ ಎನ್‌ವಿಎಂಇ ಅನ್ನುವ ವೇಗದ ಡಿಸ್ಕ್, ಫೋಟೋಗಳಿಗೆ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಅಂತ ಹೊಸದಾಗಿ ಬರೆದ. ಮಾನಿಟರ್ ಬಿಟ್ಟು 68 ಸಾವಿರ.

ಆ ಬೋರ್ಡ್ ಬದಲಾವಣೆ ಸುಮ್ನೆ ಅಲ್ಲ, ಅದು ನನಗೆ ಆಮೇಲೆ ತಿಳಿಯಿತು. ಎಚ್ 610 ಬೋರ್ಡಿನ ಚಿಪ್‌ಸೆಟ್‌ನಲ್ಲಿ ರೇಡ್ (RAID), ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕಿನ ಹಾಗೆ ಜೋಡಿಸುವ ಸೌಲಭ್ಯವೇ ಇಲ್ಲ, ಬಿ 660ರಲ್ಲಿ ಇದೆ. ಅಂದರೆ ಹುಡುಗನಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನೋದು ಚೆನ್ನಾಗಿ ಗೊತ್ತಿತ್ತು. ನನಗೆ ಹೇಳಲಿಲ್ಲ ಅಷ್ಟೇ. ಅಂಗಡಿಯ ಬಗ್ಗೆ ಇನ್ನೂ ಎರಡು ಒಳ್ಳೇ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಲ್‌ನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆದು ಕೊಟ್ಟರು. ಎರಡೂ ಹಾರ್ಡ್ ಡಿಸ್ಕ್ ಮೇಲೆ ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ಒಂದಕ್ಕೆ 0, ಇನ್ನೊಂದಕ್ಕೆ 1 ಅಂತ ಬರೆದಿದ್ದರು, ಕೆಳಗೆ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ. ಆ ಮಾತಾಡದ ಮನುಷ್ಯನ ಕೈಬರಹ ಇರಬೇಕು, ಮುದ್ದಾಗಿದೆ.

ಮನೆಗೆ ತಂದು ಆನ್ ಮಾಡಿದರೆ ಡಿ ಡ್ರೈವ್‌ನಲ್ಲಿ 3.63 ಟಿಬಿ. ನಾನು ಕಾಸು ಕೊಟ್ಟಿದ್ದು 8ಕ್ಕೆ! ಸಿಟ್ಟಿನಲ್ಲಿ ಫೋನ್ ಮಾಡಿದೆ. ಹುಡುಗ ತಣ್ಣಗೆ, "ರೇಡ್ ಮಾಡಿದೀವಿ ಮೇಡಂ, ಸೇಫಾಗಿರುತ್ತೆ, ಡೇಟಾ ಎಲ್ಲೂ ಹೋಗಲ್ಲ" ಅಂದ. ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ನಮ್ಮ ಅತ್ತೆ ಅಡುಗೆ ಮನೆಯಿಂದ ಓಡಿ ಬಂದು, "ಯಾರ ಮನೆ ಮೇಲೆ ರೇಡು? ಲೋಕಾಯುಕ್ತದವರಾ?" ಅಂದರು.

ಡೇಟಾ ಎಲ್ಲೂ ಹೋಗಲ್ಲ. ಈ ಮೂರು ಪದವೇ ನನ್ನ ಕಷ್ಟಕ್ಕೆಲ್ಲಾ ಮೂಲ.

ಮೊದಲು ಆ 3.63ರ ಲೆಕ್ಕ. ಡಿಸ್ಕ್ ಮಾಡುವವರು 1 ಟಿಬಿ ಅಂದರೆ ಸಾವಿರ ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ, ಹಾಗಾಗಿ 4 ಇದ್ದದ್ದು 3.63 ಆಗಿ ಕಾಣುತ್ತದೆ. ಅದು ಮೋಸ ಅಲ್ಲ. ಎರಡು ಡಿಸ್ಕ್ ಇದ್ದೂ ಒಂದರಷ್ಟೇ ಜಾಗ ಸಿಗುವುದು ರೇಡ್ 1ರಿಂದ. ಎರಡರ ಮೇಲೂ ಒಂದೇ ಬರಹ. ಲಾರಿಯ ಹಿಂದಿನ ಜೋಡಿ ಚಕ್ರ ನೋಡಿದ್ದೀರಲ್ಲ, ಒಂದು ಪಂಕ್ಚರ್ ಆದರೂ ಇನ್ನೊಂದರ ಮೇಲೆ ಲಾರಿ ಪಂಕ್ಚರ್ ಅಂಗಡಿವರೆಗೆ ಹೋಗಿ ಮುಟ್ಟುತ್ತದೆ, ಹಾಗೆ. ಸ್ಟೆಪ್ನಿ ಅಲ್ಲ ಇದು. ಸ್ಟೆಪ್ನಿಯನ್ನು ಗಾಡಿ ನಿಲ್ಲಿಸಿ ಹಾಕಬೇಕು, ಇದು ಮೊದಲಿಂದಲೂ ಜೊತೆಗೇ ಉರುಳುತ್ತಿರುತ್ತದೆ.

ರೇಡ್ 0 ಅಂತ ಇನ್ನೊಂದಿದೆ, ಹೆಸರು ಹತ್ತಿರ, ಗುಣ ಉಲ್ಟಾ. ಪುಸ್ತಕದ ಒಂದು ಪುಟ ಇಲ್ಲಿ, ಮುಂದಿನ ಪುಟ ಅಲ್ಲಿ ಅಂತ ಹಂಚಿ ಬರೆಯುತ್ತದೆ. ಜಾಗ ಪೂರ್ತಿ ಸಿಗುತ್ತದೆ, ವೇಗವೂ ಜಾಸ್ತಿ, ಆದರೆ ಎರಡರಲ್ಲಿ ಯಾವುದು ಹೋದರೂ ಕಥೆ ಮುಗಿಯಿತು. ಫೋಟೋ ಕೆಲಸ ಮಾಡುವವರಿಗೆ ಯಾರಾದರೂ ಸ್ಪೀಡ್ ಬರುತ್ತೆ ಅಂತ ಇದನ್ನು ಹಾಕಿಕೊಟ್ಟರೆ ಅವರಿಗೆ ಕಾಫಿ ಕೂಡ ಕೊಡಬೇಡಿ. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ಅದರ ಉಪಾಯ ನನಗೆ ಬಹಳ ಇಷ್ಟವಾಯಿತು. ಒಂದು ಕಡೆ 7 ಬರೆದಿರಿ, ಇನ್ನೊಂದು ಕಡೆ 5, ಮೂರನೇ ಕಡೆ ಮೊತ್ತ 12. ಈಗ 5 ಅಳಿಸಿ ಹೋಯಿತು ಅಂದುಕೊಳ್ಳಿ, 12ರಲ್ಲಿ 7 ಕಳೆದರೆ ಮತ್ತೆ ಸಿಕ್ಕಿತು. ನಿಜವಾದ ಲೆಕ್ಕ ಕೂಡಿಸುವುದಲ್ಲ, ಬಿಟ್‌ಗಳ ಮೇಲೆ ಎಕ್ಸ್‌ಓಆರ್ (XOR) ಅಂತ ಮಾಡುತ್ತಾರೆ, ಮೊತ್ತವನ್ನೂ ಒಂದೇ ಡಿಸ್ಕಿನಲ್ಲಿ ಇಡದೆ ಸರದಿಯ ಮೇಲೆ ಹಂಚುತ್ತಾರೆ, ಆದರೆ ತಿರುಳು ಇಷ್ಟೇ. ಈ ರೇಡ್ ಹೆಸರು ಇಟ್ಟು 1ರಿಂದ 5ರವರೆಗೆ ವಿಂಗಡಿಸಿ 1988ರಲ್ಲಿ ಪ್ರಬಂಧ ಪ್ರಕಟಿಸಿದವರು ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್. ಅವರು ಬಳಸಿದ ಹೆಸರಿನಲ್ಲಿ ಐ ಅಕ್ಷರಕ್ಕೆ 'ಅಗ್ಗದ' ಅನ್ನುವ ಅರ್ಥವೇ ಇತ್ತು. ದೊಡ್ಡ ದುಬಾರಿ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಸೇರಿಸಿ ಕೆಲಸ ಮಾಡಿಸಬಹುದು, ಆದರೆ ಡಿಸ್ಕ್ ಜಾಸ್ತಿ ಆದಷ್ಟೂ ಯಾವುದಾದರೂ ಒಂದು ಕೆಡುವುದೂ ಜಾಸ್ತಿ, ಅದಕ್ಕೇ ಈ ಹೆಚ್ಚುವರಿ ಬರಹದ ಏರ್ಪಾಟು ಅನ್ನೋದು ಅವರ ವಾದ. ಆಮೇಲೆ ಆ 'ಅಗ್ಗದ' ಹೋಗಿ 'ಸ್ವತಂತ್ರ' ಅಂತಾಯಿತು.

ಸರಿ, ಕಂಪ್ಯೂಟರ್‌ಗೆ ಬರೋಣ. ಮೊದಲ ಹದಿನಾಲ್ಕು ತಿಂಗಳು ಒಂದು ದೂರೂ ಇಲ್ಲ. ಆಮೇಲೆ ಕಾರ್ತಿಕದಲ್ಲಿ, ಸರಿಯಾಗಿ ಮದುವೆ ಸೀಸನ್ ಕಾವು ಏರುವ ಹೊತ್ತಿಗೆ, ಪರದೆಯ ಮೂಲೆಯಲ್ಲಿ ಒಂದು ಚೀಟಿ ಬಂತು. ವಾಲ್ಯೂಮ್ ಡಿಗ್ರೇಡೆಡ್ ಅಂತ, ಅಂದರೆ ಡಿಸ್ಕ್ ಜೋಡಿ ಕುಂಟುತ್ತಿದೆ ಅಂತ. ನಾನು ಆಂಟಿವೈರಸ್‌ನವರ ಜಾಹೀರಾತು ಅಂದುಕೊಂಡು ಮುಚ್ಚಿದೆ. ಮಾರನೇ ದಿನವೂ ಬಂತು, ಮತ್ತೆ ಮುಚ್ಚಿದೆ. ಮೂರನೇ ದಿನ ಡಬ್ಬದೊಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ತಮ್ಮ ಫೋನ್‌ನಲ್ಲಿ ಹೇಳಿದಂತೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದರೆ, ಅದೊಂದು ಪುಕ್ಕಟೆ ಸಾಫ್ಟ್‌ವೇರ್, ಒಂದು ಡಿಸ್ಕ್ ನೀಲಿ, ಇನ್ನೊಂದರ ಮೇಲೆ ಹಳದಿ ಎಚ್ಚರಿಕೆ. ಕೆಟ್ಟ ಜಾಗದಿಂದ ಎತ್ತಿ ಬೇರೆ ಕಡೆ ಇಟ್ಟ ಸೆಕ್ಟರ್‌ಗಳ ಎಣಿಕೆ ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು.

ಆದರೆ ಕೆಲಸ ನಿಲ್ಲಲಿಲ್ಲ. ಇದನ್ನು ಒತ್ತಿ ಹೇಳಬೇಕು. ಒಂದು ಡಿಸ್ಕ್ ಸಾಯುತ್ತಿದ್ದಾಗಲೂ ಆ ವಾರ ಮೂರು ಆಲ್ಬಂ ಮುಗಿಸಿ ಲ್ಯಾಬ್‌ಗೆ ಕಳಿಸಿದೆ. ಇದಕ್ಕೇ ರೇಡ್ 1 ಇರುವುದು, ಇದಕ್ಕೆ ಮಾತ್ರ.

ಡಿಸ್ಕ್ ಬದಲಾಯಿಸುವಾಗ ಆ ಬಿಳಿ ಟೇಪ್ ನನ್ನನ್ನು ಕಾಪಾಡಿತು. ಎರಡೂ ಡಿಸ್ಕ್ ನೋಡಲು ಅವಳಿ ಜವಳಿ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕಿತ್ತರೆ ಗತಿ? ಸಾಫ್ಟ್‌ವೇರ್ ತೋರಿಸಿದ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರಕ್ಕೂ ಟೇಪ್ ಮೇಲಿನ ಅಕ್ಷರಕ್ಕೂ ತಾಳೆ ನೋಡಿ 1 ಅಂತ ಬರೆದದ್ದನ್ನು ತೆಗೆದೆವು. ವಾರಂಟಿಗೆ ಕಳಿಸಿದರೆ ಬರಲು ವಾರಗಟ್ಟಲೆ ಆಗುತ್ತದೆ ಅಂದರು, ಅಷ್ಟು ದಿನ ಒಂಟಿ ಚಕ್ರದ ಮೇಲೆ ಓಡಿಸಲು ಧೈರ್ಯ ಸಾಲದೆ ಹೊಸದೊಂದು ತಂದೆವು. ತರುವಾಗ ತಮ್ಮ ಒಂದು ವಿಷಯದಲ್ಲಿ ಹಠ ಹಿಡಿದ. ಸಿಎಂಆರ್ ಡಿಸ್ಕೇ ಬೇಕು, ಎಸ್‌ಎಂಆರ್ ಬೇಡ. ಸಿಎಂಆರ್‌ನಲ್ಲಿ ಬರೆಯುವ ಗೆರೆಗಳು ಒಂದರ ಮೇಲೊಂದು ಬರದೆ ಪಕ್ಕಪಕ್ಕ ಇರುತ್ತವೆ. ಎಸ್‌ಎಂಆರ್ ಅಂದರೆ ಬರೆಯುವ ಗೆರೆಗಳನ್ನು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿರುತ್ತಾರೆ. ಜಾಗ ಉಳಿಯುತ್ತದೆ, ಅಗ್ಗವೂ ಆಗುತ್ತದೆ. ಆದರೆ ಮಧ್ಯದ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎತ್ತಿ ಮತ್ತೆ ಹೊದಿಸಬೇಕಲ್ಲ, ಹಾಗೆ ಒಂದು ಕಡೆ ತಿದ್ದಿದರೆ ಸುತ್ತಲಿನದ್ದನ್ನೂ ಮತ್ತೆ ಬರೆಯಬೇಕು. ಸುಮ್ನೆ ಸಿನಿಮಾ ತುಂಬಿ ಇಡೋಕೆ ಪರವಾಗಿಲ್ಲ. ರೇಡ್‌ಗೆ ಹಾಕಿದರೆ ಒಂದೇ ಸಮನೆ ಬರೆಯುವ ಹೊತ್ತಿನಲ್ಲಿ ಏದುಸಿರು ಬಿಡುತ್ತದೆ. ಡಬ್ಬದ ಮೇಲೆ ಇದನ್ನು ದೊಡ್ಡದಾಗಿ ಬರೆದಿರುವುದಿಲ್ಲ, ಮಾಡೆಲ್ ನಂಬರ್ ಹಿಡಿದು ಕಂಪನಿಯ ಮಾಹಿತಿ ಹಾಳೆಯಲ್ಲಿ ಹುಡುಕಬೇಕು.

ಹೊಸ ಡಿಸ್ಕಿಗೆ ಹಳೆಯದರ ಬರಹವೆಲ್ಲಾ ನಕಲಾಗುವುದಕ್ಕೆ ರೀಬಿಲ್ಡ್ ಅನ್ನುತ್ತಾರೆ. ಸೆಕೆಂಡಿಗೆ 150 ಎಂಬಿ ಹೋದರೂ 4 ಟಿಬಿಗೆ ಏಳೂವರೆ ಗಂಟೆ. ನನ್ನದು ರಾತ್ರಿ 9ಕ್ಕೆ ಶುರುವಾಗಿ ಮಾರನೇ ದಿನ ಮಧ್ಯಾಹ್ನ ಅನ್ನಕ್ಕೆ ಇಡುವ ಹೊತ್ತಿಗೆ ಮುಗಿಯಿತು. ಅಷ್ಟು ಹೊತ್ತೂ ಉಳಿದಿರುವ ಪ್ರತಿ ಒಂದೇ, ಅದೂ ಬಿಡುವಿಲ್ಲದೆ ಓದಿಸಿಕೊಳ್ಳುತ್ತಿರುತ್ತದೆ, ಅದೂ ಹದಿನಾಲ್ಕು ತಿಂಗಳು ಅದೇ ಬಿಸಿಯಲ್ಲಿ ಓಡಿದ್ದೇ. ಯುಪಿಎಸ್ ಲೈಟ್ ನೋಡುತ್ತಾ ಕೂತಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಒಂದು ರಾತ್ರಿ, ಹನ್ನೊಂದೂವರೆ ಇರಬೇಕು, ನಿದ್ದೆಗಣ್ಣಿನಲ್ಲಿ ತಪ್ಪು ಫೋಲ್ಡರ್ ಆರಿಸಿ ಶಿಫ್ಟ್ ಡಿಲೀಟ್ ಒತ್ತಿಬಿಟ್ಟೆ, ರೀಸೈಕಲ್ ಬಿನ್‌ಗೂ ಹೋಗದೆ ನೇರ ಅಳಿಸುವುದು ಅದು. ಒಂದು ಆರತಕ್ಷತೆಯ ಎಲ್ಲಾ ಶೀಟ್. ಎದೆ ಧಸಕ್ ಅಂದರೂ ಧೈರ್ಯ ಇತ್ತು, ಇನ್ನೊಂದು ಡಿಸ್ಕಿನಲ್ಲಿ ಇರುತ್ತದಲ್ಲ ಅಂತ. ಬೆಳಿಗ್ಗೆ ಅಂಗಡಿ ಹುಡುಗನಿಗೆ ಫೋನ್ ಮಾಡಿ ಇನ್ನೊಂದು ಡಿಸ್ಕಿನಿಂದ ಹೇಗೆ ತೆಗೆಯೋದು ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅದ್ರಲ್ಲೂ ಹೋಗಿರುತ್ತೆ ಮೇಡಂ."

ಬಿಲ್ ಬುಕ್ ಕಾರ್ಬನ್ ಇದ್ದ ಹಾಗೆ ಇದು. ಮೇಲೆ ಬರೆದದ್ದು ಕೆಳಗೂ ಮೂಡುತ್ತದೆ, ಮೇಲೆ ಕಾಟು ಹಾಕಿದರೆ ಕೆಳಗೂ ಕಾಟು. ವೈರಸ್ ಬಂದು ಫೈಲ್‌ಗೆಲ್ಲಾ ಬೀಗ ಹಾಕಿದರೆ ಎರಡರಲ್ಲೂ ಬೀಗ. ಸಿಡಿಲು ಹೊಡೆದು ಒಳಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸುಟ್ಟರೆ ಎರಡೂ ಒಂದೇ ವೈರಿನ ಮೇಲಿವೆ. ರೇಡ್ ಇರುವುದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನೋದಕ್ಕೆ, ನಾನು ಕೆಟ್ಟರೆ ಅಲ್ಲ. ಅಂಗಡಿಯವರು ಸುಳ್ಳು ಹೇಳಿದರು ಅನ್ನಲ್ಲ, ಆದರೆ ಅರ್ಧ ಹೇಳಿದರು. ಕೌಂಟರ್‌ನಲ್ಲಿ ಒಂದೇ ಒಂದು ವಾಕ್ಯ, "ಬ್ಯಾಕಪ್ ಬೇರೆ ತಗೊಳ್ಳಿ ಮೇಡಂ" ಅಂದಿದ್ದರೆ ನಾನು ಅವತ್ತೇ ಹೊರಗಿನ ಡಿಸ್ಕ್ ಒಂದನ್ನು ಅವರ ಹತ್ತಿರವೇ ಕೊಳ್ಳುತ್ತಿದ್ದೆ, ಅವರಿಗೂ ವ್ಯಾಪಾರ. ಸ್ಟುಡಿಯೋದವರ ಬಳಿ ಫೋಟೋ ಇದ್ದವು, ನನ್ನ ಹನ್ನೆರಡು ದಿನದ ಕೆಲಸ ಹೋಯಿತು.

ಈಗ ಡ್ರೈವರ್ ಕಥೆ, ಅಂದರೆ ಒಂದೊಂದು ಪಾರ್ಟನ್ನೂ ವಿಂಡೋಸ್‌ಗೆ ಪರಿಚಯ ಮಾಡಿಸುವ ಸಣ್ಣ ಸಾಫ್ಟ್‌ವೇರಿನ ಕಥೆ. ಇದೇ ದೊಡ್ಡದು.

ಮಾರ್ಚ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಅಷ್ಟು ಹೊತ್ತಿಗೆ ಮುದಿಯಾಗಿತ್ತು, ಎರಡು ಸಲ ಕೀಚ್ ಅಂದು ಕೈಬಿಟ್ಟಿತು. ಆಮೇಲೆ ವಿಂಡೋಸ್ ಏಳಲೇ ಇಲ್ಲ. ಬೆಂಗಳೂರಿಗೆ ಹೊತ್ತುಕೊಂಡು ಹೋಗುವುದು ಯಾಕೆ ಅಂತ ನಮ್ಮ ಏರಿಯಾದಲ್ಲಿ ಮನೆಗೆ ಬಂದು ರಿಪೇರಿ ಮಾಡುವ ಹುಡುಗನನ್ನು ಕರೆದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಲು 500 ರೂಪಾಯಿ. ಒಳ್ಳೇ ಹುಡುಗ, ಮಜ್ಜಿಗೆ ಕೊಟ್ಟರೆ ಲೋಟ ತೊಳೆದು ಇಡುವಷ್ಟು ಒಳ್ಳೆಯವನು. ಪೆನ್ ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಶುರು ಮಾಡಿದ. ಯಾವ ಡಿಸ್ಕ್‌ಗೆ ಹಾಕಬೇಕು ಅಂತ ಕೇಳುವ ಜಾಗದಲ್ಲಿ ಪಟ್ಟಿ ಖಾಲಿ. ಡ್ರೈವ್ ಯಾವುದೂ ಸಿಗಲಿಲ್ಲ, ಬೇಕಾದರೆ ಲೋಡ್ ಡ್ರೈವರ್ ಒತ್ತಿ ಅಂತ ಒಂದು ಸಾಲು.

"ಅಕ್ಕಾ, ಮೂರು ಡಿಸ್ಕೂ ಹೋಗಿದೆ" ಅಂದ. ನನ್ನ ಕೈಕಾಲು ತಣ್ಣಗಾಯಿತು.

ಹೋಗಿರಲಿಲ್ಲ. ಇಂಟೆಲ್‌ನ ಈ ಜನರೇಶನ್‌ನಲ್ಲಿ ವಿಎಂಡಿ ಅಂತ ಒಂದು ಏರ್ಪಾಟು ಇದೆ. ರೇಡ್ ಬೇಕಾದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಅದನ್ನು ಆನ್ ಮಾಡಿ ಹಾರ್ಡ್ ಡಿಸ್ಕ್‌ಗಳನ್ನೂ ಎನ್‌ವಿಎಂಇಯನ್ನೂ ಅದರ ಕೆಳಗೆ ತರುತ್ತಾರೆ. ಆಗ ವಿಂಡೋಸ್‌ಗೆ ಡಿಸ್ಕ್‌ಗಳು ನೇರವಾಗಿ ಕಾಣುವುದಿಲ್ಲ, ನಡುವೆ ವಿಎಂಡಿ ಬಾಗಿಲು ಹಾಕಿಕೊಂಡು ಕೂತಿರುತ್ತದೆ, ಬಾಗಿಲಿನ ಬೀಗದ ಕೈ ಅಂದರೆ ಅದರ ಡ್ರೈವರ್. ಹುಡುಗನ ಪೆನ್ ಡ್ರೈವ್‌ನಲ್ಲಿ ಆ ಡ್ರೈವರ್ ಇರಲಿಲ್ಲ. ಇದು ಹೊಸ ರೋಗವೇನಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಹೀಗೇ ಎಫ್ 6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು, ಫ್ಲಾಪಿ ಡ್ರೈವ್ ಇಲ್ಲದ ಕಂಪ್ಯೂಟರ್‌ಗೆ ಅದಕ್ಕೋಸ್ಕರ ಯಾರದ್ದೋ ಮನೆಯಿಂದ ಫ್ಲಾಪಿ ಡ್ರೈವ್ ಕಿತ್ತು ತಂದು ಜೋಡಿಸಿದ್ದೆ ಅಂತ ತಮ್ಮ ಈಗಲೂ ಹೇಳಿಕೊಂಡು ನಗುತ್ತಾನೆ.

ಹುಡುಗ ಯಾವುದೋ ವಿಡಿಯೋ ನೋಡಿ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿದ. ಡಿಸ್ಕ್‌ಗಳೆಲ್ಲಾ ಪಟ್ಟಿಯಲ್ಲಿ ಪ್ರತ್ಯಕ್ಷ! ಅವನೂ ಖುಷಿ, ನಾನೂ ಖುಷಿ. ಬರೀ ಒಂದೇ ಡಿಸ್ಕ್ ಇರುವ ಮನೆ ಕಂಪ್ಯೂಟರ್ ಆಗಿದ್ದರೆ ಇದೇ ಸರಿಯಾದ ಉಪಾಯ, ಅದರಲ್ಲಿ ತಪ್ಪಿಲ್ಲ. ಆದರೆ ರೇಡ್ ಇರುವ ಕಡೆ ವಿಎಂಡಿ ಆಫ್ ಮಾಡಿದರೆ ಜೋಡಿ ಬಿಟ್ಟು ಹೋಗುತ್ತದೆ. ಎರಡು ಚಕ್ರ ಈಗ ಬೇರೆ ಬೇರೆ ಗಾಡಿಯದ್ದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ ಒಂದು ಡಿ ಡ್ರೈವ್ ಅಂತ ಬಂದಿದೆ, ಇನ್ನೊಂದು ಆಫ್‌ಲೈನ್, ಕಾರಣ ಸಿಗ್ನೇಚರ್ ಕೊಲಿಷನ್. ಅಂದರೆ ಎರಡರ ಗುರುತೂ ಒಂದೇ ಆಗಿರುವುದರಿಂದ ವಿಂಡೋಸ್ ಒಬ್ಬನನ್ನು ಒಳಗೆ ಬಿಟ್ಟು ಇನ್ನೊಬ್ಬನನ್ನು ಹೊರಗೆ ನಿಲ್ಲಿಸಿದೆ. ಒಂದು ಇನ್ನೊಂದರ ಕನ್ನಡಿ ಪ್ರತಿಯಾಗಿರುವಾಗ ಇದು ಸಹಜ, ಆದರೆ ಹುಡುಗನಿಗೆ ಅದು ಕೆಟ್ಟ ಡಿಸ್ಕಿನ ಹಾಗೆ ಕಂಡಿತು. "ಇನ್ನೊಂದನ್ನ ಫಾರ್ಮ್ಯಾಟ್ ಮಾಡ್ಲಾ ಅಕ್ಕಾ?" ಅಂದ. ಬೇಡ ಕಣಪ್ಪಾ, ಇರಲಿ ಅಂದೆ. ತಿಳಿದು ಹೇಳಿದ್ದಲ್ಲ, ಶಿಫ್ಟ್ ಡಿಲೀಟ್ ಆದಾಗಿನಿಂದ ಫಾರ್ಮ್ಯಾಟ್ ಅನ್ನುವ ಪದ ಕೇಳಿದರೇ ಭಯ.

ಆಮೇಲೆ ಇಂಟರ್ನೆಟ್ ಇಲ್ಲ. ವಿಂಡೋಸ್ 11 ಮೊದಲ ಸಲ ಏಳುವಾಗಲೇ ನೆಟ್‌ಗೆ ಸೇರಿಸು ಅಂತ ಹಠ ಹಿಡಿಯುತ್ತದೆ, ಇಲ್ಲಿ ನೋಡಿದರೆ ವೈಫೈ ಹೆಸರೇ ಇಲ್ಲ, ಕೇಬಲ್ ಚುಚ್ಚಿದರೂ ಇಲ್ಲ. ನೆಟ್‌ನ ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು. ಇದಕ್ಕೊಂದು ಸುಲಭ ದಾರಿ ಇದೆ, ಎಲ್ಲರೂ ನೆನಪಿಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲಿ ಮೊದಲೇ ಇದೆ, ನೆಟ್ ಬಂದುಬಿಡುತ್ತದೆ. ಬಾಕಿ ಅರ್ಧ ಕೆಲಸವನ್ನು ವಿಂಡೋಸ್ ಅಪ್‌ಡೇಟ್ ತಾನೇ ಮಾಡಿಕೊಳ್ಳುತ್ತದೆ.

ಅಷ್ಟಾದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಮೂರು ಕಡೆ ಹಳದಿ ತ್ರಿಕೋನ ಉಳಿದಿತ್ತು. ಅನ್‌ನೋನ್ ಡಿವೈಸ್ ಅಂತ. ಹುಡುಗ ಎಲ್ಲಾ ಡ್ರೈವರ್ ತಾನೇ ಹುಡುಕಿ ಹಾಕುವ ಯಾವುದೋ ಸಾಫ್ಟ್‌ವೇರ್ ಇಳಿಸಲು ಹೊರಟ, ತಮ್ಮ ಫೋನ್‌ನಲ್ಲೇ ಬೈದು ನಿಲ್ಲಿಸಿದ. ಅಂಥವು ಡ್ರೈವರ್ ಜೊತೆ ಇನ್ನೇನೇನೋ ತಂದು ಸುರಿಯುತ್ತವೆ. ಅದರ ಬದಲು ತ್ರಿಕೋನದ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವೆನ್ ಅಂತ ಬರುವ ನಾಲ್ಕು ಅಕ್ಷರ ಮಾಡಿದವರ ಗುರುತು, ಡೆವ್ ಅಂತ ಬರುವುದು ವಸ್ತುವಿನ ಗುರುತು. 10ಇಸಿ ಇದ್ದರೆ ರಿಯಲ್‌ಟೆಕ್, ಪಕ್ಕದಲ್ಲಿ 8125 ಇದ್ದರೆ ಅವರ 2.5 ಗಿಗಾಬಿಟ್ ನೆಟ್‌ವರ್ಕ್ ಚಿಪ್, ನನ್ನದು ಅದೇ. 10ಡಿಇ ಅಂದರೆ ಎನ್‌ವಿಡಿಯಾ. ಇಂಟೆಲ್ ತಾನೇ 8086 ಇಟ್ಟುಕೊಂಡಿದೆ, 1978ರಲ್ಲಿ ಬಿಟ್ಟ ಅವರ ಹಳೇ ಪ್ರೊಸೆಸರ್‌ನ ಹೆಸರು ಅದು. ಮನೆದೇವರ ಹೆಸರು ಮಗುವಿಗೆ ಇಟ್ಟ ಹಾಗೆ. ಗುರುತು ಗೊತ್ತಾದ ಮೇಲೆ ಮದರ್‌ಬೋರ್ಡ್ ಕಂಪನಿಯ ಸೈಟಿಗೆ ಹೋಗಿ ನಮ್ಮ ಮಾಡೆಲ್ ಹುಡುಕಿ ಅಲ್ಲಿಂದಲೇ ಇಳಿಸಿಕೊಂಡರೆ ಮುಗಿಯಿತು.

ಹುಡುಗ 500 ತೆಗೆದುಕೊಂಡು ಹೋದ. ನಾನು ಮೂರು ದಿನ ಡಿ ಡ್ರೈವ್‌ನಲ್ಲಿ ಆರಾಮಾಗಿ ಕೆಲಸ ಮಾಡಿದೆ. ನಾಲ್ಕನೇ ದಿನ ರೇಡ್ ವಾಪಸ್ ಬರಲಿ ಅಂತ ನಾನೇ ಬಯಾಸ್‌ಗೆ ಹೋಗಿ ವಿಎಂಡಿ ಆನ್ ಮಾಡಿದೆ. ನೀಲಿ ಪರದೆ, ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ. ವಿಎಂಡಿ ಇಲ್ಲದಾಗ ಹಾಕಿದ ವಿಂಡೋಸ್‌ಗೆ ಆ ಬಾಗಿಲಿನ ಬೀಗದ ಕೈ ಗೊತ್ತಿಲ್ಲ, ತನ್ನದೇ ಡಿಸ್ಕ್ ಅದಕ್ಕೆ ಕಾಣುತ್ತಿಲ್ಲ.

ಇಲ್ಲಿ ಎಸ್‌.ಪಿ. ರೋಡ್ ಅಂಗಡಿಯವರಿಗೆ ಕೈ ಮುಗಿಯಬೇಕು. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ, ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ ಹುಡುಗ ವಿಡಿಯೋ ಕಾಲ್ ಮಾಡಿದ, ಪಕ್ಕದಲ್ಲಿ ಆ ಮಾತಾಡದ ಮನುಷ್ಯ. ಅವರು ಮಾತಾಡಿದ್ದನ್ನು ಮೊದಲ ಸಲ ಕೇಳಿದ್ದು ಅವತ್ತೇ. "ಮೇಡಂ, ರೇಡ್ ಸ್ಕ್ರೀನ್‌ನಲ್ಲಿ ನಾರ್ಮಲ್ ಅಂತ ತೋರಿಸ್ತಾ ಇದೆಯಾ? ನಂಬಬೇಡಿ."

ಯಾಕೆ ಅಂದರೆ, ಆ ಮೂರು ದಿನ ನಾನು ಬರೆದದ್ದು ಒಂದೇ ಡಿಸ್ಕ್ ಮೇಲೆ. ಇನ್ನೊಂದು ಮೂರು ದಿನ ಹಿಂದೆಯೇ ನಿಂತಿದೆ. ಆದರೆ ರೇಡ್‌ಗೆ ಇದು ಗೊತ್ತೇ ಇಲ್ಲ, ಅದು ಆಫ್ ಆಗಿದ್ದಾಗ ನಡೆದದ್ದು ತಾನೇ? ಅದರ ಪುಸ್ತಕದಲ್ಲಿ ಎರಡೂ ಒಂದೇ. ಈಗ ಓದುವಾಗ ಒಂದು ಫೈಲ್ ಈ ಡಿಸ್ಕಿನಿಂದ, ಇನ್ನೊಂದು ಆ ಡಿಸ್ಕಿನಿಂದ ಬಂದರೆ ಹಳೆಯದು ಹೊಸದು ಬೆರೆತು ಇದ್ದದ್ದೂ ಕೆಡುತ್ತದೆ. ಡಿಸ್ಕ್ ಸತ್ತಿದ್ದಕ್ಕಿಂತ ಇದು ಹೆಚ್ಚು ಅಪಾಯ, ಅದು ಸದ್ದು ಮಾಡಿ ಸತ್ತಿತ್ತು, ಇದು ಸದ್ದಿಲ್ಲದೆ ಕೆಡಿಸುತ್ತದೆ. ಅವರು ಹೇಳಿದಂತೆ ಮತ್ತೆ ವಿಎಂಡಿ ಆಫ್ ಮಾಡಿ, ಸ್ಟುಡಿಯೋದವರೊಬ್ಬರಿಂದ ದೊಡ್ಡ ಹೊರಗಿನ ಡಿಸ್ಕ್ ಸಾಲ ತಂದು, ನಾನು ಕೆಲಸ ಮಾಡಿದ ಡಿಸ್ಕ್‌ನಲ್ಲಿದ್ದದ್ದನ್ನೆಲ್ಲಾ ಅದಕ್ಕೆ ಸುರಿದೆ. ಬೆಳಗಾಯಿತು. ನಿದ್ದೆ ಇಲ್ಲದ ರಾತ್ರಿ ಅಂದೆನಲ್ಲ, ಇದೇ. ಆಮೇಲೆ ವಿಎಂಡಿ ಆನ್, ಹಳೇ ರೇಡ್ ಅಳಿಸಿ ಹೊಸದು ಕಟ್ಟು, ವಿಂಡೋಸ್ ಮತ್ತೆ ಹಾಕು.

ಈ ಸಲ ಡ್ರೈವರ್ ಪೆನ್ ಡ್ರೈವ್‌ನಲ್ಲಿತ್ತು. ಇಲ್ಲೂ ಒಂದು ಗುಟ್ಟಿದೆ. ಇಂಟೆಲ್ ಸೈಟ್‌ನಲ್ಲಿ ಸಿಗುವುದು ಸೆಟಪ್ ಫೈಲ್, ಅದನ್ನು ಹಾಗೇ ಪೆನ್ ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್ ಮೂಸಿಯೂ ನೋಡುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಕಮಾಂಡ್ ಕೊಟ್ಟು ಅದನ್ನು ಬಿಚ್ಚಿ, ಒಳಗಿನ ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಹಾಕಬೇಕು, ಜನರೇಶನ್‌ಗೆ ತಕ್ಕ ವರ್ಷನ್ ಆಗಿರಬೇಕು. ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದೆ, ವಿಎಂಡಿ ಕಂಟ್ರೋಲರ್ 467ಎಫ್ ಅಂತ ಒಂದು ಸಾಲು ಬಂತು, ನೆಕ್ಸ್ಟ್ ಒತ್ತಿದೆ. ಖಾಲಿ ಪಟ್ಟಿಯಲ್ಲಿ ಡಿಸ್ಕ್‌ಗಳು ಬಂದು ಕೂತವು. ಅದಕ್ಕೆ ಹಿಡಿದದ್ದು ಒಂದು ನಿಮಿಷವೂ ಅಲ್ಲ.

ಇದನ್ನೆಲ್ಲಾ ಓದಿ ಬೋರ್ಡ್‌ನ ರೇಡೇ ಬೇಡ ಅನ್ನಿಸಿದರೆ ವಿಂಡೋಸ್‌ನಲ್ಲೇ ಸ್ಟೋರೇಜ್ ಸ್ಪೇಸಸ್ ಅಂತ ಇದೆ, ಅದರಲ್ಲೂ ಎರಡು ಡಿಸ್ಕನ್ನು ಜೋಡಿ ಮಾಡಬಹುದು, ಬಯಾಸ್ ಗೊಡವೆ ಇಲ್ಲ, ವಿಎಂಡಿಯೂ ಬೇಡ. ಮನೆ ಬಳಕೆಗೆ ಮೊದಲಿಂದ ಶುರು ಮಾಡುವುದಾದರೆ ನಾನು ಈಗ ಅದನ್ನೇ ಆರಿಸುತ್ತೇನೆ. ಈಗ ಇರುವುದನ್ನು ಕಿತ್ತು ಮಾಡುವಷ್ಟು ಉತ್ಸಾಹ ನನಗಿಲ್ಲ.

ಕಂಪ್ಯೂಟರ್‌ಗೆ ಅಂಕ ಕಡಿಮೆ ಮಾಡುವಂಥದ್ದು ಏನೂ ಇಲ್ಲ, ಫೋಟೋಶಾಪ್‌ನಲ್ಲಿ ಇಪ್ಪತ್ತು ಶೀಟ್ ತೆರೆದಿಟ್ಟರೂ ಉಸಿರು ಕಟ್ಟುವುದಿಲ್ಲ. ಅಂಗಡಿಯವರು ಕೌಂಟರ್‌ನಲ್ಲಿ ಹೇಳದೆ ಬಿಟ್ಟದ್ದಕ್ಕೆ ಒಂದು ಸ್ಟಾರ್ ಕಟ್. ಮನೆಗೆ ಬಂದ ಹುಡುಗನಿಗೆ ಕಟ್ ಮಾಡುವುದಿಲ್ಲ, ಅವನಿಗೂ ಯಾರೂ ಹೇಳಿರಲಿಲ್ಲ. ಈಗ ಅವನ ಕೀ ಚೈನಿನಲ್ಲಿ ಆ ಡ್ರೈವರ್ ಇರುವ ಪೆನ್ ಡ್ರೈವ್ ಒಂದು ನೇತಾಡುತ್ತಿದೆ.

ವಾರಂಟಿಗೆ ಕಳಿಸಿದ ಡಿಸ್ಕಿನ ಬದಲು ಬಂದದ್ದು ಹೊಸದಲ್ಲ, ರಿಪೇರಿ ಮಾಡಿ ಪರೀಕ್ಷಿಸಿದ್ದು, ಮೇಲಿನ ಚೀಟಿಯಲ್ಲೇ ಹಾಗೆ ಬರೆದಿತ್ತು. ಅದನ್ನು ರೇಡ್‌ಗೆ ಹಾಕದೆ ಒಂದು ಯುಎಸ್‌ಬಿ ಡಬ್ಬಕ್ಕೆ ತುರುಕಿ ಬ್ಯಾಕಪ್‌ಗೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ತಿಪಟೂರಿಗೆ ಅಮ್ಮನ ಮನೆಗೆ ಹೋಗುವಾಗ ಇನ್ನೊಂದು ಡಿಸ್ಕ್ ಬ್ಯಾಗ್‌ನಲ್ಲಿ ಹೋಗುತ್ತದೆ, ಅಲ್ಲಿರುವುದು ಇಲ್ಲಿಗೆ ಬರುತ್ತದೆ. ಅಮ್ಮ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಾರೆ, ನುಸಿ ಗುಳಿಗೆ ವಾಸನೆ ಹಿಡಿದಿದೆ.

ಕೊನೆಗೆ ಆ ಅರ್ಧ ಸ್ಟಾರ್. ಹೋದ ವಾರ ನನ್ನ ಗೆಳತಿಗೆ ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಕಟ್ಟಿಸಲು ಹೋಗಿದ್ದೆ. ಬೋರ್ಡ್‌ನ ಡ್ರೈವರ್ ಎಲ್ಲಾ ಹಾಕಿ ಒಂದು ಪೆನ್ ಡ್ರೈವ್ ಕೊಡಿ, ಬಿಲ್ ಜೊತೆ ಇರಲಿ ಅಂದೆ. ಹುಡುಗ ನಗುತ್ತಾ, "ಖಂಡಿತ ಮೇಡಂ, ಪೆನ್ ಡ್ರೈವ್‌ಗೆ 350 ಎಕ್ಸ್‌ಟ್ರಾ" ಅಂದ.